ಕೋಳಿ ಬಸಿಯ ತವರಿನಲ್ಲಿ ನಾಲ್ಕು ದಿನ

ಮೊದಲು ಬಸಿಯ ವಿಷಯ ಹೇಳಿಬಿಡಬೇಕು. ಇಲ್ಲದಿದ್ದರೆ, ಇಂಗ್ಲೆಂಡಿಗೆ ಹೋದವನು ಲಂಡನ್ನನ್ನೂ ನೋಡದೆ ಸ್ಟೋಕ್-ಆನ್-ಟ್ರೆಂಟ್ ಎಂಬ ಊರಿನಲ್ಲಿ ನಾಲ್ಕು ದಿನ ತಿರುಗಿ ಬಂದದ್ದು ಏಕೆಂದು ಯಾರಿಗೂ ಅರ್ಥವಾಗುವುದಿಲ್ಲ.

ನಮ್ಮ ಅಜ್ಜ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ತೋಟದ ದೊರೆ ಬಂಗಲೆ ಖಾಲಿ ಮಾಡಿ ತನ್ನ ದೇಶಕ್ಕೆ ಹೊರಟಾಗ ಕೆಲಸದವರಿಗೆಲ್ಲ ಒಂದೊಂದು ಸಾಮಾನು ಕೊಟ್ಟನಂತೆ. ಅಜ್ಜನ ಪಾಲಿಗೆ ಬಂದದ್ದು ಒಂದು ಗೋಡೆ ಗಡಿಯಾರ, ಒಂದು ಪಿಂಗಾಣಿ ಕಪ್ ಮತ್ತು ಬಸಿ. ಗಡಿಯಾರ ನಿಂತುಹೋಯಿತು. ಕಪ್ ಒಡೆಯಿತು. ಒಡೆದವಳು ನಮ್ಮ ಸೋದರತ್ತೆ ಎಂದು ಮನೆಯವರೆಲ್ಲರೂ, ತಾನಲ್ಲವೇ ಅಲ್ಲ ಎಂದು ಅತ್ತೆಯೂ ಅರವತ್ತು ವರ್ಷಗಳಿಂದ ಹೇಳಿಕೊಂಡೇ ಬಂದಿದ್ದಾರೆ. ಉಳಿದದ್ದು ಬಸಿ ಒಂದೇ. ತಿಳಿನೀಲಿ ಬಣ್ಣದ ಚಿತ್ರ, ದೊಡ್ಡ ಹೂವುಗಳ ನಡುವೆ ಉದ್ದ ಬಾಲದ ಎರಡು ಹಕ್ಕಿಗಳು. ಅಜ್ಜಿ ಅದನ್ನು ‘ಕೋಳಿ ಬಸಿ’ ಎಂದು ಕರೆಯುತ್ತಿದ್ದಳು. ಪಿಂಗಾಣಿಗೆ ಅವಳ ಅಡುಗೆಮನೆಯೊಳಗೆ ಪ್ರವೇಶವಿರಲಿಲ್ಲವಾದ್ದರಿಂದ ಅದು ಜಗಲಿಯ ಗೂಡಿನಲ್ಲಿ ಎಲೆ-ಅಡಿಕೆಯ ಸುಣ್ಣದ ಡಬ್ಬಿ ಹೊತ್ತುಕೊಂಡು ಕೂತಿರುತ್ತಿತ್ತು.

ಬಹಳ ವರ್ಷಗಳ ನಂತರ ಅದನ್ನು ಮಗುಚಿ ನೋಡಿದೆ. ಬೆನ್ನಿನ ಮೇಲೆ, ಮಣ್ಣು ಹಸಿಯಿದ್ದಾಗಲೇ ಒತ್ತಿದ ಅಕ್ಷರಗಳು: ವೆಡ್ಜ್‌ವುಡ್. ಅದರ ಮುಂದೆ ಮೆರುಗು ತುಂಬಿಕೊಂಡು ಮಸುಕಾದ ಏನೋ ಒಂದು ಗುರುತು. ವೆಡ್ಜ್‌ವುಡ್ ಎಂದರೆ ಸ್ಟೋಕ್-ಆನ್-ಟ್ರೆಂಟ್‌ನ ಹೆಸರಾಂತ ಪಿಂಗಾಣಿ ಕಂಪನಿ. ಅಷ್ಟೇ ಸಾಕಾಯಿತು. ಬೆಂಗಳೂರಿನ ಭಾನುವಾರದ ಗುಜರಿ ಸಂತೆ, ಮುಂಬಯಿಯ ಚೋರ್ ಬಜಾರ್ ಎಂದು ಅಲೆದು ಹನ್ನೆರಡು ವರ್ಷಗಳಲ್ಲಿ ನಲವತ್ತು ಚಿಲ್ಲರೆ ಇಂಗ್ಲಿಷ್ ತಟ್ಟೆ-ಬಟ್ಟಲುಗಳನ್ನು ಸೇರಿಸಿದ್ದೇನೆ. ಬಹುಪಾಲು ಮುಕ್ಕಾದವು. ಮುಕ್ಕಾದದ್ದು ಅಗ್ಗ, ಮತ್ತು ಮುಕ್ಕಾದ ಕಡೆ ಒಳಗಿನ ಮಣ್ಣು ಕಾಣುತ್ತದೆ. ಒಳಗಿನ ಮಣ್ಣು ಕಂಡರೆ ಅದು ಮಣ್ಣಿನ ಪಾತ್ರೆಯೋ ಮೂಳೆಯ ಬೂದಿ ಬೆರೆಸಿದ ಬೋನ್ ಚೈನಾವೋ ಎಂದು ಹೇಳಲು ಪಂಡಿತರು ಬೇಕಾಗುವುದಿಲ್ಲ.

ಗುರುವಾರ: ಲಾಂಗ್ಟನ್

ಮಗಳ ಮನೆ ಬರ್ಮಿಂಗ್‌ಹ್ಯಾಮಿನಲ್ಲಿ. ಅಲ್ಲಿಂದ ರೈಲಿನಲ್ಲಿ ಒಂದು ಗಂಟೆಯ ಹಾದಿ. ಮೊದಲ ದಿನ ಅವಳೂ ರಜೆ ಹಾಕಿ ಜೊತೆಗೆ ಬಂದಳು, ಅಪ್ಪ ದಾರಿ ತಪ್ಪುತ್ತಾನೆ ಎಂಬ ಭಯಕ್ಕೆ.

ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಆ ಕಂಪನಿಯನ್ನು ಕಟ್ಟಿದ ಜೊಸಾಯಾ ವೆಡ್ಜ್‌ವುಡ್ ನಿಂತಿದ್ದಾನೆ, ಕಂಚಿನಲ್ಲಿ, ಕೈಯಲ್ಲಿ ಒಂದು ಹೂದಾನಿ ಹಿಡಿದುಕೊಂಡು. 1863ರ ಪ್ರತಿಮೆ. ಊರಿನ ಬಾಗಿಲಲ್ಲಿ ಖಡ್ಗ ಹಿಡಿದವರನ್ನು, ಕುದುರೆ ಏರಿದವರನ್ನು ಬಹಳ ನೋಡಿದ್ದೇನೆ. ಕುಂಬಾರನನ್ನು ನಿಲ್ಲಿಸಿದ ಊರನ್ನು ನೋಡಿದ್ದು ಇದೇ ಮೊದಲು. ಕೈ ಮುಗಿಯಬೇಕೆನಿಸಿತು. ಮಗಳು ಪಕ್ಕದಲ್ಲಿದ್ದುದರಿಂದ ಬಿಟ್ಟೆ.

ಮೊದಲ ಎಡವಟ್ಟು ಅಲ್ಲಿಯೇ. ‘ನಗರದ ಮಧ್ಯಭಾಗ’ ಎಂದು ನಂಬಿ ಕೋಣೆ ಕಾದಿರಿಸಿದ್ದೆ. ಆದರೆ ಈ ನಗರಕ್ಕೆ ಒಂದು ಮಧ್ಯವೆಂಬುದಿಲ್ಲ. ಟನ್‌ಸ್ಟಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಆರು ಊರುಗಳನ್ನು 1910ರಲ್ಲಿ ಒಂದೇ ದಾರಕ್ಕೆ ಪೋಣಿಸಿ ಒಂದು ಹೆಸರು ಕೊಟ್ಟಿದ್ದಾರೆ. ರೈಲು ನಿಲ್ಲುವುದು ಸ್ಟೋಕ್‌ನಲ್ಲಿ, ಪೇಟೆ ಇರುವುದು ಹ್ಯಾನ್ಲಿಯ ಗುಡ್ಡದ ಮೇಲೆ. ಜಿನುಗು ಮಳೆಯಲ್ಲಿ ಚಕ್ರದ ಪೆಟ್ಟಿಗೆಯನ್ನು ಏರುದಾರಿಯಲ್ಲಿ ಎಳೆಯುತ್ತಾ, “ಬಸ್ಸಿಗೆ ಎರಡು ಪೌಂಡ್ ಉಳಿಸಿದೆವು ಅಪ್ಪಾ” ಎಂದು ಮಗಳು ಮೂರು ಸಲ ಹೇಳಿದಳು. ಹೋಗುವವರು ನಿಲ್ದಾಣದ ಹೊರಗೆ ಬಸ್ ಹಿಡಿಯುವುದು ಒಳ್ಳೆಯದು.

ಮಧ್ಯಾಹ್ನ ಲಾಂಗ್ಟನ್ನಿನ ಗ್ಲ್ಯಾಡ್‌ಸ್ಟನ್ ಪಾಟರಿ ಮ್ಯೂಸಿಯಂ. ಮುಚ್ಚಿ, ಇನ್ನೇನು ಕೆಡವುತ್ತಾರೆ ಎನ್ನುವಾಗ ಉಳಿಸಿಕೊಂಡ ಹಳೆಯ ಕಾರ್ಖಾನೆ. ಕಲ್ಲು ಹಾಸಿದ ಅಂಗಳದ ಸುತ್ತ ಹೊಟ್ಟೆ ಉಬ್ಬಿ ಕತ್ತು ಸಣ್ಣಗಾದ ಇಟ್ಟಿಗೆಯ ಗೋಪುರಗಳು. ಇವರು ‘ಬಾಟಲ್ ಅವನ್’ ಎನ್ನುತ್ತಾರೆ. ನನಗೆ ಬೋರಲು ಹಾಕಿದ ರಾಕ್ಷಸನ ಹೂಜಿಗಳಂತೆ ಕಂಡವು. ಕಾಲ ಚೆನ್ನಾಗಿದ್ದಾಗ ಈ ಆರು ಊರುಗಳಲ್ಲಿ ಪಾತ್ರೆ ಸುಡುವ ಇಂಥ ಆವಿಗೆಗಳು ಎರಡು ಸಾವಿರದಷ್ಟಿದ್ದವು. ಈಗ ಐವತ್ತೂ ಇಲ್ಲ. ಕಲ್ಲಿದ್ದಲಿನ ಹೊಗೆಗೆ ಕಡಿವಾಣ ಹಾಕಿದ 1956ರ ಕಾಯ್ದೆ ಬಂದ ಮೇಲೆ ಒಂದೊಂದಾಗಿ ಆರಿದವು. ಹೇಗೆ ಸುಡುತ್ತಿದ್ದರೆಂಬುದಕ್ಕೆ ದಾಖಲೆಯಾದರೂ ಇರಲಿ ಎಂದು 1978ರಲ್ಲಿ, ಕೆಲಸ ಬಲ್ಲ ಮುದುಕರನ್ನು ಸೇರಿಸಿ ಇದೇ ಲಾಂಗ್ಟನ್ನಿನಲ್ಲಿ ಕೊನೆಯ ಸಲ ಒಂದನ್ನು ಹೊತ್ತಿಸಿದರು.

ಆವಿಗೆಯೊಳಗೆ ಹೋಗಲು ಬಿಡುತ್ತಾರೆ. ಹೊರಗೆ ಕಾಣುವ ಹೂಜಿ ಬರೀ ಚಿಮಣಿ. ನಿಜವಾದ ಆವಿಗೆ ಒಳಗೆ ಇನ್ನೊಂದಿದೆ. ಎರಡರ ನಡುವಿನ ಸಂದಿಯಲ್ಲಿ ನಿಂತು ಕತ್ತೆತ್ತಿದರೆ ಮೇಲೆ ಆಕಾಶದ ಒಂದು ಬಿಲ್ಲೆ, ಅದರಿಂದ ಮುಖದ ಮೇಲೆ ಮಳೆಹನಿ. ತಟ್ಟೆಗಳಿಗೆ ಬೆಂಕಿಯೂ ಮಸಿಯೂ ನೇರವಾಗಿ ತಾಗಬಾರದೆಂದು ಅವುಗಳನ್ನು ‘ಸ್ಯಾಗರ್’ ಎಂಬ ಒರಟು ಮಣ್ಣಿನ ಡಬ್ಬಗಳಲ್ಲಿ ತುಂಬಿ, ಡಬ್ಬಗಳನ್ನು ಒಂದರ ಮೇಲೊಂದು ಕಂಬದಂತೆ ಪೇರಿಸುತ್ತಿದ್ದರು. ಹೊತ್ತು ಏಣಿ ಹತ್ತಿದ್ದು ತಲೆಯ ಮೇಲೆ. ಗೋಡೆಯ ಮೇಲಿನ ಹಳೆಯ ಚಿತ್ರದಲ್ಲಿ ಅಂಥವನೊಬ್ಬ ನಿಂತಿದ್ದ. ಅವನ ಟೋಪಿಯ ಕೆಳಗೆ ಏನೋ ಉಬ್ಬಿಕೊಂಡಿತ್ತು. ಹಳೆಯ ಕಾಲುಚೀಲವನ್ನು ಸುತ್ತಿ ಮಾಡಿದ ಬಳೆ ಅದು ಎಂದು ಅಲ್ಲಿಯವರು ವಿವರಿಸಿದರು. ವಿವರಣೆ ನನಗೆ ಬೇಕಾಗಿರಲಿಲ್ಲ. ನಮ್ಮೂರ ಹೆಂಗಸರು ಕೊಡದ ಕೆಳಗೆ ಇಟ್ಟುಕೊಳ್ಳುವ ಸಿಂಬೆ ಅದು! ಮಗಳಿಗೆ ‘ಸಿಂಬೆ’ ಎಂದರೆ ತಿಳಿಯಲಿಲ್ಲ. ಅವಳಿಗೆ ಹೇಳುವ ಹೊತ್ತಿಗೆ ಆ ಅಂಗಳದಲ್ಲಿ ನಾನೇ ಮಾರ್ಗದರ್ಶಿಯಾಗಿದ್ದೆ.

ಸ್ಯಾಗರಿನ ತಳವನ್ನು ಬಡಿಯುವುದಕ್ಕೆಂದೇ ಒಬ್ಬ ಹುಡುಗ ಇರುತ್ತಿದ್ದ. ಕಬ್ಬಿಣದ ಬಳೆಯೊಳಗೆ ಮಣ್ಣು ಹಾಕಿ ಮರದ ಕೊಡತಿಯಿಂದ ದಿನವಿಡೀ ಬಡಿಯುವುದು ಅವನ ಕೆಲಸ. ‘ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಮಗಳಿಗೆ ಹೇಳಿದೆ. ಇಲ್ಲಿ ದೊಣ್ಣೆಯನ್ನೂ ಕುಂಬಾರನೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದ. ಪಕ್ಕದ ಕೋಣೆಯಲ್ಲಿ ನಗು ನಿಂತಿತು. ತಟ್ಟೆಗಳನ್ನು ಮೆರುಗಿನ ತೊಟ್ಟಿಗೆ ಅದ್ದುತ್ತಿದ್ದವರಿಗೆ ಸೀಸದ ವಿಷವೇರುತ್ತಿತ್ತು, ಒಣ ಮಣ್ಣಿನ ಧೂಳು ಕುಡಿದವರ ಶ್ವಾಸಕೋಶ ಕಲ್ಲಾಗುತ್ತಿತ್ತು. ಬಸಿಯ ಮೇಲಿನ ಆ ಕನ್ನಡಿಯಂಥ ಮಿನುಗನ್ನು ಇಷ್ಟು ದಿನ ಬೆರಳಿನಿಂದ ಸವರಿ ಸುಖಪಟ್ಟಿದ್ದೆ.

ಇದೇ ಮ್ಯೂಸಿಯಮ್ಮಿನಲ್ಲಿ ಶೌಚಾಲಯದ ಬಟ್ಟಲುಗಳಿಗೂ ಒಂದು ಇಡೀ ವಿಭಾಗವಿದೆ. ನೀಲಿ ಹೂಬಳ್ಳಿ ಬಿಡಿಸಿದ ವಿಕ್ಟೋರಿಯಾ ಕಾಲದ ಕಮೋಡುಗಳು. ನನ್ನ ಸಂಗ್ರಹದ ಅರ್ಧಕ್ಕಿಂತ ಚೆನ್ನಾಗಿದ್ದವು.

ಶುಕ್ರವಾರ: ಬರ್ಸ್ಲೆಮ್

ಮಗಳು ರಾತ್ರಿಯೇ ಹಿಂತಿರುಗಿದ್ದಳು. ಬೆಳಿಗ್ಗೆ ತಿಂಡಿಗೆ ಊರಿನ ಓಟ್‌ಕೇಕ್ ಅಂಗಡಿ ಹುಡುಕಿದೆ. ಹೆಸರು ಕೇಳಿ ಬಿಸ್ಕತ್ತು ಎಂದುಕೊಳ್ಳಬೇಡಿ. ಓಟ್ಸ್ ಹಿಟ್ಟನ್ನು ಯೀಸ್ಟ್ ಹಾಕಿ ಹುದುಗಿಸಿ, ಕಾದ ಕಬ್ಬಿಣದ ಹಂಚಿನ ಮೇಲೆ ಹುಯ್ದು, ಕಣ್ಣುಕಣ್ಣಾಗಿ ಏಳುವವರೆಗೆ ಬೇಯಿಸಿ ಮಗುಚುತ್ತಾರೆ. ಸೆಟ್ ದೋಸೆಯನ್ನು ತೆಳ್ಳಗೆ ಮಾಡಿದಂತೆ. ಒಳಗೆ ಚೀಸ್, ಅಣಬೆ ಇಟ್ಟು ಮಡಚಿ ಕೊಟ್ಟರು (ಮಾಂಸ ತಿನ್ನದವರು ಮೊದಲೇ ಹೇಳಬೇಕು, ಇಲ್ಲದಿದ್ದರೆ ಹಂದಿಮಾಂಸ ಬಂದು ಕೂರುತ್ತದೆ).

“ಎಲ್ಲಿಯವರು, ಡಕ್?” ಎಂದಳು ಹಂಚಿನ ಹಿಂದಿನ ಹೆಂಗಸು. ಇಲ್ಲಿ ಗಂಡು-ಹೆಣ್ಣು, ಮುದುಕರು-ಮಕ್ಕಳೆನ್ನದೆ ಎಲ್ಲರೂ ಎಲ್ಲರನ್ನೂ ‘ಡಕ್’ ಎನ್ನುತ್ತಾರೆ, ನಮ್ಮಲ್ಲಿ ‘ಅಣ್ಣಾ’ ಎಂದಂತೆ. ಭಾರತ ಎಂದ ಕೂಡಲೇ ಅವಳು, ನಿಮ್ಮ ದೇಶದಿಂದ ಮರಳಿದ ಸೈನಿಕರು ಅಲ್ಲಿನ ಚಪಾತಿಯನ್ನು ನೆನೆಸಿಕೊಂಡು ಇದನ್ನು ಮಾಡಿದರು ಎಂದು ಕಥೆ ಹೇಳಿದಳು. ನಾನು ನಂಬಲಿಲ್ಲ. ಚಪಾತಿ ಹಿಟ್ಟು ಹುಳಿ ಬರುವುದಿಲ್ಲ. ದೋಸೆ ಎಂದಿದ್ದರೆ ಒಪ್ಪಿಬಿಡುತ್ತಿದ್ದೆನೇನೋ.

ಮಿಡಲ್‌ಪೋರ್ಟ್ ಪಾಟರಿ ಕಾಲುವೆಯ ದಂಡೆಗೆ ಬೆನ್ನು ಕೊಟ್ಟು ನಿಂತಿದೆ. ಬರ್ಜೆಸ್ ಮತ್ತು ಲೀ ಎಂಬಿಬ್ಬರು 1888ರಲ್ಲಿ ಕಟ್ಟಿಸಿದ್ದು. ಏಳು ಆವಿಗೆಗಳಲ್ಲಿ ಒಂದು ಉಳಿದಿದೆ. ಕಟ್ಟಡ ಬೀಳುವ ಹಂತಕ್ಕೆ ಬಂದಿದ್ದಾಗ 2011ರಲ್ಲಿ ಒಂದು ಟ್ರಸ್ಟ್ ಕೊಂಡು ದುರಸ್ತಿ ಮಾಡಿಸಿತು. ಇದು ಬರೀ ಮ್ಯೂಸಿಯಂ ಅಲ್ಲ. ಬರ್ಲಿ ಎಂಬ ಹೆಸರಿನ ನೀಲಿ ಪಾತ್ರೆಗಳು ಇಂದಿಗೂ ಇಲ್ಲಿಯೇ ತಯಾರಾಗುತ್ತವೆ. ಅದೂ ಕಾಗದದ ಮೇಲೆ ಅಚ್ಚು ಹಾಕಿ, ಕೈಯಿಂದ ಅಂಟಿಸುವ ಇನ್ನೂರು ವರ್ಷದ ಹಿಂದಿನ ಕ್ರಮದಲ್ಲಿ. ಪುಸ್ತಕಗಳಲ್ಲಿ ಹತ್ತಾರು ಸಲ ಓದಿದ್ದೆ. ಕಣ್ಣಾರೆ ನೋಡಿದಾಗ ಓದಿದ್ದೆಲ್ಲ ಸಪ್ಪೆಯಾಯಿತು.

ಹೀಗೆ ನಡೆಯುತ್ತದೆ. ಚಿತ್ರ ಕೊರೆದ ತಾಮ್ರದ ಉರುಳೆಗೆ ಎಣ್ಣೆಯಲ್ಲಿ ಕಲಸಿದ ನೀಲಿ ಬಣ್ಣ ಹಚ್ಚಿ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದದ ಮೇಲೆ ಅಚ್ಚು ತೆಗೆಯುತ್ತಾರೆ. ಕಾಗದ ಒದ್ದೆ ಬಟ್ಟೆಯಂತೆ ಜೋಲಾಡುತ್ತಾ ಬರುತ್ತದೆ. ಅಂಟಿಸುವ ಹೆಂಗಸು ಅದರಿಂದ ಹೂಬಳ್ಳಿಯ ಅಂಚನ್ನು ಕತ್ತರಿಸಿಕೊಂಡಳು, ಗುರುತಿಲ್ಲ, ಅಳತೆಯಿಲ್ಲ. ಎಡಗೈಯಲ್ಲಿ ಒಂದು ಹೂಜಿ. ಅದು ಒಮ್ಮೆ ಸುಟ್ಟ, ಇನ್ನೂ ಮೆರುಗು ಕಾಣದ ಹೂಜಿ. ಈ ಹಂತಕ್ಕೆ ಅವರಿಟ್ಟ ಹೆಸರು ‘ಬಿಸ್ಕತ್ತು’, ಮತ್ತು ಅದು ನಿಜಕ್ಕೂ ಚಹಾದಲ್ಲಿ ಅದ್ದಬಹುದಾದಂತೆಯೇ ಕಾಣುತ್ತದೆ. ಕಾಗದವನ್ನು ಬಣ್ಣದ ಮಗ್ಗುಲಿನಿಂದ ಹೂಜಿಯ ಹೊಟ್ಟೆಗೆ ತಾಗಿಸಿದಳು. ತಾಗಿದ ಕೂಡಲೇ ಒರಟು ಮೈ ಎಣ್ಣೆಯನ್ನು ಹೀರಿಕೊಂಡು ಹಿಡಿದುಬಿಡುತ್ತದೆ, ಸರಿಸುವಂತಿಲ್ಲ. ಹಿಡಿಯ ಬುಡದಲ್ಲಿ ಒಂದು ಸೀಳು, ಮೂತಿಯ ಕೆಳಗೆ ಒಂದು ಸೀಳು, ಉಳಿದದ್ದನ್ನು ಬೆರಳಿನಿಂದ ನೆರಿಗೆಯಿಲ್ಲದಂತೆ ಒತ್ತಿದಳು. ಸಾಬೂನು ತಾಗಿಸಿದ ಗಡುಸು ಬ್ರಷ್ ಹಿಡಿದು, ಹಟಮಾರಿ ಮಗುವಿಗೆ ಮೈ ಉಜ್ಜುವಂತೆ ಗಸಗಸ ಉಜ್ಜಿದಳು. ನೀರಿಗೆ ಅದ್ದಿದಳು. ಕಾಗದ ಲೋಳೆಯಾಗಿ ಜಾರಿ ತೊಟ್ಟಿಯಲ್ಲಿ ತೇಲಿತು. ಹೂಬಳ್ಳಿ ಹೂಜಿಯ ಮೇಲೆ ಉಳಿಯಿತು.

ಬಳ್ಳಿಯ ತಲೆಗೆ ಬಾಲ ಸೇರುವ ಜಾಗದಲ್ಲಿ ಅರ್ಧ ಹೂವೊಂದು ಇನ್ನರ್ಧ ಎಲೆಗೆ ಡಿಕ್ಕಿ ಹೊಡೆದಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಅವಳು ನಕ್ಕಳು: “ಅದು ನನ್ನ ರುಜು, ಡಕ್.” ಹಳೆಯ ತಟ್ಟೆ ಕೊಳ್ಳುವಾಗ ನಾನು ಮೊದಲು ಹುಡುಕುವುದೂ ಅದನ್ನೇ. ಅಂಚಿನ ಚಿತ್ರ ಎಲ್ಲಿಯೂ ಮುರಿಯದೆ ಸುತ್ತಿದ್ದರೆ ಅನುಮಾನಪಡಬೇಕು.

ಹೊರಗೆ ಬಂದು ಕಾಲುವೆಯ ದಂಡೆಯಲ್ಲಿ ನಡೆದೆ. ಇದು ಟ್ರೆಂಟ್ ಮತ್ತು ಮರ್ಸಿ ಕಾಲುವೆ. 1766ರಲ್ಲಿ ಮೊದಲ ಗುದ್ದಲಿ ಹಾಕಿದವನು ವೆಡ್ಜ್‌ವುಡ್, ಮುಗಿದದ್ದು 1777ರಲ್ಲಿ. ಇಲ್ಲಿ ನೆಲದಡಿ ಇದ್ದದ್ದು ಕಲ್ಲಿದ್ದಲು ಮತ್ತು ಕೆಂಪು ಮಣ್ಣು. ಬಿಳಿಯ ಜೇಡಿ ದೂರದ ಕಾರ್ನ್‌ವಾಲ್‌ನಿಂದ ಬರಬೇಕಿತ್ತು. ಮಣ್ಣಿಗಿಂತ ಕಲ್ಲಿದ್ದಲೇ ಹೆಚ್ಚು ಬೇಕಾಗುವುದರಿಂದ, ಕಲ್ಲಿದ್ದಲು ಇದ್ದಲ್ಲಿಗೆ ಮಣ್ಣು ಸಮುದ್ರ ಸುತ್ತಿ ದೋಣಿಯಲ್ಲಿ ಬಂತು. ತಟ್ಟೆಗಳು ಅದೇ ದೋಣಿಗಳಲ್ಲಿ ಹೊರಟವು. ಕುದುರೆಗಾಡಿಯಲ್ಲಿ ಹೋದಷ್ಟು ಒಡೆಯಲಿಲ್ಲ.

ದಂಡೆಯ ಮಣ್ಣಿನಲ್ಲಿ ನೀಲಿ ಚೂರೊಂದು ಮಿನುಗಿತು. ಬಗ್ಗಿದೆ. ಇನ್ನೊಂದು. ಅದರಾಚೆ ಮತ್ತೊಂದು. ನಾಲ್ಕನೆಯದಕ್ಕೆ ಕೈ ಚಾಚಿದಾಗ ಕಾಲು ಜಾರಿ ಮೊಣಕಾಲಿನವರೆಗೆ ಕೆಸರು. ನಾಯಿ ತಿರುಗಿಸಲು ಬಂದಿದ್ದ ವೃದ್ಧರೊಬ್ಬರು ಕೈ ಕೊಟ್ಟು ಎಬ್ಬಿಸಿದರು. ಒಡೆದದ್ದನ್ನು, ಸುಟ್ಟು ಸೊಟ್ಟಗಾದದ್ದನ್ನು ಕಾರ್ಖಾನೆಗಳು ಎಲ್ಲೆಂದರಲ್ಲಿ ಸುರಿಯುತ್ತಿದ್ದವಂತೆ. ಆ ಚೂರುಗಳಿಗೆ ಇಲ್ಲಿ ‘ಶ್ರಾಫ್’ ಎಂದು ಹೆಸರು. “ಈ ಊರಿನಲ್ಲಿ ಎಲ್ಲಿ ಅಗೆದರೂ ತಟ್ಟೆ ಸಿಗುತ್ತದೆ, ಊಟವೊಂದೇ ಸಿಗುವುದಿಲ್ಲ” ಎಂದರು. ನೆಂಟರ ಮನೆಗೆ ಹೋದರೂ, ಹೋಟೆಲಿಗೆ ಹೋದರೂ ತಟ್ಟೆ ಮಗುಚಿ ಬೆನ್ನಿನ ಮುದ್ರೆ ನೋಡುವುದು ಇಲ್ಲಿಯವರ ಚಾಳಿ ಎಂದೂ ಹೇಳಿದರು. ನನ್ನ ಹೆಂಡತಿ ಇಪ್ಪತ್ತು ಮದುವೆ ಮನೆಗಳಲ್ಲಿ ನನ್ನನ್ನು ಮೊಣಕೈಯಿಂದ ತಿವಿದಿರುವುದು ಇದೇ ಚಾಳಿಗೆ. ಸ್ವಜಾತಿಯವರು ಸಿಕ್ಕಂತಾಯಿತು.

ಮಧ್ಯಾಹ್ನ ಇನ್ನೊಂದು ಪುಟ್ಟ ಸಂಗ್ರಹಾಲಯಕ್ಕೆ ಹೋದರೆ ಬಾಗಿಲು ಹಾಕಿತ್ತು. ಇಲ್ಲಿನವು ವಾರದ ಎಲ್ಲ ದಿನ ತೆರೆದಿರುವುದಿಲ್ಲ, ಹಿಂದಿನ ರಾತ್ರಿಯೇ ನೋಡಿಕೊಳ್ಳಬೇಕು. ಕೆಸರು ಷರಾಯಿಯಲ್ಲಿಯೇ ಹ್ಯಾನ್ಲಿಯ ದೊಡ್ಡ ಮ್ಯೂಸಿಯಂ ಹೊಕ್ಕೆ. ಅಲ್ಲಿ ಹದಿನೇಳನೆಯ ಶತಮಾನದ ಒಂದು ಗೂಬೆ ಇದೆ: ಮಣ್ಣಿನ ಹೂಜಿ, ತಲೆ ಎತ್ತಿದರೆ ಅದೇ ಬಟ್ಟಲು. ಯಾರದೋ ಮನೆಯಲ್ಲಿ ಬೆಲೆ ತಿಳಿಯದೆ ಕೂತಿದ್ದದ್ದು 1990ರಲ್ಲಿ ಟಿವಿಯ ಹಳೆಯ ವಸ್ತುಗಳ ಕಾರ್ಯಕ್ರಮಕ್ಕೆ ಬಂದು, 20 ಸಾವಿರ ಪೌಂಡಿಗೂ ಮಿಕ್ಕಿದ ಬೆಲೆಗೆ ಇಲ್ಲಿಗೆ ಬಂತು. ರಾತ್ರಿ ನಿದ್ದೆ ಬರುವವರೆಗೂ ನಮ್ಮ ಬಸಿಯ ಬೆಲೆ ಎಷ್ಟಿರಬಹುದೆಂದು ಲೆಕ್ಕ ಹಾಕಿದೆ.

ಶನಿವಾರ: ಬಾರ್ಲಸ್ಟನ್

ನಕ್ಷೆಯಲ್ಲಿ ವೆಡ್ಜ್‌ವುಡ್ ಎಂಬ ರೈಲು ನಿಲ್ದಾಣವೇ ಇದೆ. ಟಿಕೆಟ್ ಕೇಳಿದಾಗ ತಿಳಿಯಿತು, 2004ರಿಂದ ಅಲ್ಲಿ ರೈಲು ನಿಲ್ಲುವುದಿಲ್ಲ. ಬಸ್ಸಿನಲ್ಲಿ ಹೋದೆ. ಹೊಗೆಯ ಊರಿನಿಂದ ಹಸಿರಿನ ನಡುವಿನ ಬಾರ್ಲಸ್ಟನ್ನಿಗೆ ಕಾರ್ಖಾನೆ ಬಂದದ್ದು 1940ರಲ್ಲಿ. ಅಂದು ಬಿಸಿಲು ಬಿದ್ದಿತ್ತು, ಮರಗಳೆಲ್ಲ ಅರಿಸಿನ ಬಳಿದುಕೊಂಡಿದ್ದವು.

ಸಂಗ್ರಹಾಲಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೂದಾನಿಗಳಲ್ಲ, ಒಂದು ಮರದ ತಟ್ಟೆ. ಅದರ ತುಂಬ ಗುಂಡಿಯಷ್ಟು, ಬಿಲ್ಲೆಯಷ್ಟು ನೀಲಿ-ಹಸಿರು-ಬೂದು ಚೂರುಗಳು, ಒಂದೊಂದಕ್ಕೂ ಸಂಖ್ಯೆ. ಜಾಸ್ಪರ್ ಎಂಬ ಮೆರುಗಿಲ್ಲದ ನೀಲಿ ಮಣ್ಣನ್ನು ಪಳಗಿಸಲು ಜೊಸಾಯಾ 1770ರ ದಶಕದಲ್ಲಿ ಇಂಥ ಸಾವಿರಾರು ಪ್ರಯೋಗ ಮಾಡಿದ. ಯಾವ ಮಣ್ಣು ಎಷ್ಟು, ಆವಿಗೆಯ ಯಾವ ಜಾಗ ಎಂದು ಬರೆದಿಡುತ್ತಿದ್ದ. ಆವಿಗೆಯ ಶಾಖ ಅಳೆಯುವ ಉಪಕರಣ ಮಾಡಿದ್ದಕ್ಕೆ 1783ರಲ್ಲಿ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ಹುಣ್ಣಾದ ಬಲಗಾಲನ್ನು 1768ರಲ್ಲೇ ಕತ್ತರಿಸಿದ್ದರು. ರಷ್ಯಾದ ರಾಣಿ ಕ್ಯಾಥರೀನ್‌ಗೆ ಒಂಬೈನೂರಕ್ಕೂ ಹೆಚ್ಚು ಪಾತ್ರೆಗಳ ಊಟದ ಸೆಟ್ಟನ್ನು ಮಾಡಿ ಕಳುಹಿಸಿದ್ದು ಮರದ ಕಾಲಿನ ಮೇಲೆ ನಿಂತು. ಆ ಅರಮನೆ ಇದ್ದ ಜಾಗದ ಹೆಸರು ಕಪ್ಪೆಗಳಿಂದ ಬಂದದ್ದರಿಂದ ಪ್ರತಿ ಪಾತ್ರೆಯ ಮೇಲೂ ಒಂದು ಹಸಿರು ಕಪ್ಪೆ. ರಾಣಿಗೆ ಕಪ್ಪೆ ಮಾಡಿಕೊಟ್ಟ ಕೈಯೇ 1787ರಲ್ಲಿ, ಸಂಕೋಲೆ ಬಿಗಿದ ಗುಲಾಮ ಮಂಡಿಯೂರಿ “ನಾನು ಮನುಷ್ಯನಲ್ಲವೇ, ಸೋದರನಲ್ಲವೇ” ಎಂದು ಕೇಳುವ ಪದಕವನ್ನೂ ಮಾಡಿ ಹಂಚಿತು.

ಈ ಸಂಗ್ರಹವೇ ಹರಾಜಾಗುವುದರಲ್ಲಿತ್ತು. ಕಂಪನಿ 2009ರಲ್ಲಿ ಮುಳುಗಿದಾಗ ನೌಕರರ ಪಿಂಚಣಿಯ ಸಾಲ ಸಂಗ್ರಹಾಲಯದ ಕೊರಳಿಗೆ ಬಿತ್ತು. ಕೊನೆಗೆ 2014ರಲ್ಲಿ 1.575 ಕೋಟಿ ಪೌಂಡ್ ಕೂಡಿಸಿ ಉಳಿಸಿಕೊಂಡರು, ಅದರಲ್ಲಿ ಸಾಮಾನ್ಯ ಜನ ಹಾಕಿದ ಚಿಲ್ಲರೆಯೂ ಇತ್ತು.

ಇಷ್ಟೆಲ್ಲ ನೋಡಿ ಎದೆ ಉಬ್ಬಿದ್ದ ಗಳಿಗೆಯಲ್ಲಿ, ಅಲ್ಲಿದ್ದ ಹಿರಿಯ ಸಿಬ್ಬಂದಿಯೊಬ್ಬರಿಗೆ ಮೊಬೈಲ್‌ನಲ್ಲಿ ನಮ್ಮ ಬಸಿಯ ಚಿತ್ರ ತೋರಿಸಿದೆ. ಅಜ್ಜ, ತೋಟ, ದೊರೆ ಎಲ್ಲವನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಬೆನ್ನಿನ ಮುದ್ರೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿದರು.

“ಈ ಮಸುಕಾದದ್ದು ಏನೆಂದು ಓದಿದಿರಿ?”

ಕೆಲಸಗಾರನ ಗುರುತು ಇರಬಹುದು ಎಂದೆ.

“ಅದು ‘ಅಂಡ್ ಕೋ’. ವೆಡ್ಜ್‌ವುಡ್ ಅಂಡ್ ಕೋ. ಇದು ನಮ್ಮದಲ್ಲ, ಟನ್‌ಸ್ಟಲ್‌ನದು.”

ಈನಕ್ ವೆಡ್ಜ್‌ವುಡ್ ಎಂಬಾತ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಟನ್‌ಸ್ಟಲ್‌ನ ಕಂಪನಿಯೊಂದರಲ್ಲಿ ಪಾಲುದಾರನಾಗಿದ್ದ. ಹೆಸರು ಚೆನ್ನಾಗಿ ಓಡುತ್ತದೆಂದು ಕಂಪನಿಗೂ ಅದನ್ನೇ ಇಟ್ಟುಕೊಂಡರು. ನಮ್ಮ ‘ಕೋಳಿ’ಯ ಹೆಸರು ಏಷ್ಯಾಟಿಕ್ ಫೆಸೆಂಟ್ಸ್, ಅದನ್ನು ತಾವೇ ಮೊದಲು ಮಾಡಿದ್ದೆಂದು ಆ ಕಂಪನಿ ಹೇಳಿಕೊಳ್ಳುತ್ತಿತ್ತು. ವಿಕ್ಟೋರಿಯಾ ಕಾಲದಲ್ಲಿ ಹತ್ತಾರು ಕಾರ್ಖಾನೆಗಳು ಅದೇ ಹಕ್ಕಿಗಳನ್ನು ಅಚ್ಚು ಹಾಕಿದವು, ಮನೆಮನೆಯಲ್ಲೂ ಇದ್ದ ಅಗ್ಗದ ಪಾತ್ರೆ. ವೆಡ್ಜ್‌ವುಡ್ ನಡುವೆ ಒಂದು ‘ಇ’ ಅಕ್ಷರ ಹೆಚ್ಚಿಗೆ ಸೇರಿಸಿ ಮಾರಿದವರೂ ಇದ್ದರು. ಇವೆರಡೂ ಈ ಹವ್ಯಾಸದ ಮೊದಲ ಪಾಠದಲ್ಲಿಯೇ ಬರುತ್ತವೆ. ನಾನೇ ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೇನೆ! ನಮ್ಮ ಮನೆಯ ಬಸಿಗೆ ಮಾತ್ರ ಆ ಪಾಠ ಅನ್ವಯಿಸಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

“ಇನ್ನೊಂದು ಮಾತು” ಎಂದರು ಆಕೆ, ಈಗ ಸ್ವಲ್ಪ ಮೆಲ್ಲಗೆ. “ಇದು ಬಸಿಯೂ ಅಲ್ಲ.”

ನಡುವೆ ಕಪ್ ಕೂರುವ ಕುಳಿ ಇಲ್ಲ. ಹಳೆಯ ಬಸಿಗಳಿಗೆ ಕುಳಿ ಇರುತ್ತಿರಲಿಲ್ಲವಲ್ಲ ಎಂದು ನಾನು ಓದಿದ್ದನ್ನು ಒಪ್ಪಿಸಿದೆ. ನಿಜ, ಆದರೆ ಅವು ಬಟ್ಟಲಿನಂತೆ ಆಳವಾಗಿರುತ್ತಿದ್ದವು; ನಿಮ್ಮದು ಚಪ್ಪಟೆ, ಊಟದ ಸೆಟ್ಟಿನ ಸಣ್ಣ ತಟ್ಟೆ, ಇದಕ್ಕೆ ಜೊತೆಯ ಕಪ್ ಇದ್ದಿರಲಾರದು ಎಂದರು.

ಅಲ್ಲಿನ ಟೀ ರೂಮಿನಲ್ಲಿ ಕೂತು, ನಿಜವಾದ ವೆಡ್ಜ್‌ವುಡ್ ಕಪ್ಪಿನಲ್ಲಿ, ಮೂಡಿಗೆರೆಯಲ್ಲಿ ಒಂದು ವಾರದ ತರಕಾರಿ ಬರುವ ಬೆಲೆಗೆ ಚಹಾ ಕುಡಿದೆ. ಬೆಲೆಯೂ ರುಚಿಯೂ ತಲೆಗೆ ಹತ್ತಲಿಲ್ಲ. ಹತ್ತಿದ್ದು ಒಂದೇ: ಕಪ್ಪೇ ಇರಲಿಲ್ಲವೆಂದ ಮೇಲೆ ಅತ್ತೆ ಒಡೆದದ್ದು ಏನನ್ನು? ಅರವತ್ತು ವರ್ಷ ಆ ಹೆಂಗಸನ್ನು ಆಡಿಕೊಂಡೆವಲ್ಲ.

ಹಿಂತಿರುಗುವಾಗ ಸ್ಟೋಕ್‌ನ ಸ್ಪೋಡ್ ಕಾರ್ಖಾನೆಯ ಜಾಗಕ್ಕೂ ಹೋದೆ. ಕೆಲಸ 2008ರಲ್ಲಿ ನಿಂತಿದೆ, ಒಂದು ಮೂಲೆಯಲ್ಲಿ ಸಣ್ಣ ಮ್ಯೂಸಿಯಂ. ಸ್ಪೋಡ್ 1815ರ ಸುಮಾರಿಗೆ ಭಾರತದ ಬೇಟೆಯ ಚಿತ್ರಗಳ ಒಂದು ಸಾಲು ತಟ್ಟೆಗಳನ್ನು ಮಾಡಿತ್ತು. ಬಂಗಾಳದಲ್ಲಿ ಸೇನಾಧಿಕಾರಿಯಾಗಿದ್ದವನೊಬ್ಬನ 1807ರ ಚಿತ್ರಸಂಪುಟ ಅದಕ್ಕೆ ಮೂಲ. ಆನೆಯ ಮೇಲೆ ದೊರೆ, ಮರದ ಮೇಲೆ ಚಿರತೆ, ಬೇಟೆನಾಯಿಗಳನ್ನು ಹಿಡಿದು ಬರಿಗಾಲಲ್ಲಿ ನಡೆಯುವ ನಮ್ಮವರು. ಊಟ ಮುಗಿದು ಸಾರು ಬರಿದಾದಂತೆ ತಳದಿಂದ ಆ ಬರಿಗಾಲುಗಳು ಮೇಲೇಳುತ್ತಿದ್ದಿರಬೇಕು. ಬೇರೆ ದಿನವಾಗಿದ್ದರೆ ಅಲ್ಲಿ ಎರಡು ಗಂಟೆ ನಿಲ್ಲುತ್ತಿದ್ದೆ.

ಭಾನುವಾರ: ಟನ್‌ಸ್ಟಲ್

ಬೆಳಿಗ್ಗೆ ಏಳಕ್ಕೇ ಕಾರ್ ಬೂಟ್ ಸಂತೆ. ಜನ ಮೈದಾನದಲ್ಲಿ ಕಾರು ನಿಲ್ಲಿಸಿ, ಡಿಕ್ಕಿ ತೆರೆದು, ಅಟ್ಟದ ಸಾಮಾನನ್ನೆಲ್ಲ ಹುಲ್ಲಿನ ಮೇಲೆ ಹರಡುತ್ತಾರೆ. ಹುಲ್ಲು ನೆನೆದಿರುತ್ತದೆ, ಒಂದು ಜೊತೆ ಹೆಚ್ಚಿನ ಕಾಲುಚೀಲ ಇರಲಿ. ಅವು ಮುಂದೆ ಪಾತ್ರೆ ಸುತ್ತಲೂ ಬರುತ್ತವೆ.

ಮೊದಲ ಅಂಗಡಿಯಲ್ಲೇ ಒಂದು ಜೋಡಿ ಬಿಳಿ ನಾಯಿಗಳು, ಕತ್ತಿನಲ್ಲಿ ಚಿನ್ನದ ಸರಪಣಿ. ವಿಕ್ಟೋರಿಯಾ ಕಾಲದಲ್ಲಿ ಇಲ್ಲಿನ ಪ್ರತಿ ಮನೆಯ ಒಲೆಗೂಡಿನ ಮೇಲೂ ಕಾವಲಿಗಿದ್ದವು. “ತುಂಬ ಹಳೆಯವು, ಡಕ್, ನೂರೈವತ್ತು ವರ್ಷ.” ತಲೆಕೆಳಗು ಮಾಡಿದೆ: ತಳದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಹಳೆಯ ನಾಯಿಗಳನ್ನು ಅಚ್ಚಿನ ಎರಡು ಹೋಳುಗಳಿಗೆ ಮಣ್ಣು ಒತ್ತಿ ಮಾಡುತ್ತಿದ್ದರು, ಗಾಳಿ ಹೋಗಲು ಕಡ್ಡಿ ಚುಚ್ಚಿದಷ್ಟು ತೂತು ಸಾಕಿತ್ತು. ದೊಡ್ಡ ತೂತು ಎಂದರೆ ತೆಳು ಮಣ್ಣನ್ನು ಅಚ್ಚಿಗೆ ಸುರಿದು ಹೊರಚೆಲ್ಲಿದ್ದು, ಸಾಮಾನ್ಯವಾಗಿ ಇತ್ತೀಚಿನದು. ನಕ್ಕು ಮುಂದೆ ಹೋದೆ. ನಿನ್ನೆಯ ಗಾಯಕ್ಕೆ ಸ್ವಲ್ಪ ಎಣ್ಣೆ ಸವರಿದಂತಾಯಿತು.

ಕೊಂಡದ್ದು ಒಂದೇ. ಮೂಲೆಯಲ್ಲಿ ಅಜ್ಜಿಯೊಬ್ಬಳ ರಟ್ಟಿನ ಪೆಟ್ಟಿಗೆಯ ತಳದಲ್ಲಿ, ಮೊರದಷ್ಟು ದೊಡ್ಡ ಬಡಿಸುವ ತಟ್ಟೆ. ಅದೇ ತಿಳಿನೀಲಿ, ಅದೇ ಎರಡು ಕೋಳಿಗಳು. ಬೆರಳ ಗಣ್ಣಿನಿಂದ ತಟ್ಟಿದರೆ ಗಂಟೆಯ ನಾದವಿಲ್ಲ, ಒಡಕು ಮಡಕೆಯ ಸದ್ದು. ಅಡ್ಡಲಾಗಿ ಎರಡು ಹೋಳಾಗಿತ್ತು. ಮಗುಚಿದೆ: ಬಿರುಕಿನ ಉದ್ದಕ್ಕೂ ಏಳು ಲೋಹದ ಕೊಂಡಿಗಳು. ಅಂಟು ಬರುವ ಮುಂಚೆ ಬೀದಿಬೀದಿ ತಿರುಗಿ ಪಿಂಗಾಣಿ ಹೊಲಿಯುವವರಿದ್ದರು, ನಮ್ಮಲ್ಲಿ ಕಲಾಯಿಯವರು ಬಂದಂತೆ. ಮುಂದಿನ ಮೈಗೆ ತೂತು ಕಾಣದಂತೆ ದಪ್ಪದ ಅರ್ಧದವರೆಗೆ ಮಾತ್ರ ಕೊರೆದು, ಕೊಂಡಿಯನ್ನು ಬಿಗಿಯಾಗಿ ಕೂರಿಸುತ್ತಿದ್ದರು. ಅಗ್ಗದ ತಟ್ಟೆಯೊಂದಕ್ಕೆ ಯಾರೋ ಏಳು ಕೊಂಡಿಯ ಕೂಲಿ ಕೊಟ್ಟಿದ್ದರು. ಕೊಂಡಿಗಳ ನಡುವೆ ಅಕ್ಷರಗಳು ಸ್ಪಷ್ಟವಾಗಿದ್ದವು, ‘ಅಂಡ್ ಕೋ’ ಸಮೇತ. ಎಂಟು ಪೌಂಡ್ ಎಂದಳು. ಕೊನೆಯ ಬೆಲೆ ಕೇಳಿದೆ, ಆರು. ಚೌಕಾಸಿ ಮಾಡಿದ್ದಕ್ಕೆ ನಾಚಿಕೆಯಾಗಿ ಏಳು ಕೊಟ್ಟೆ, ಕೊಂಡಿಗೊಂದರಂತೆ.

ಅದನ್ನು ಎದೆಗೆ ಅವುಚಿಕೊಂಡೇ ಟನ್‌ಸ್ಟಲ್‌ಗೆ ಬಸ್ ಹತ್ತಿದೆ. ಭಾನುವಾರದ ಟನ್‌ಸ್ಟಲ್‌ನಲ್ಲಿ ಕೆಂಪು ಇಟ್ಟಿಗೆಯ ಮನೆಸಾಲು, ಮುಚ್ಚಿದ ಅಂಗಡಿಗಳು, ಗಾಳಿ. ನೋಡಲು ಏನೂ ಇಲ್ಲ ಎಂದು ಯಾರಾದರೂ ಹೇಳಬಹುದು. ಬಸ್ ನಿಲ್ದಾಣದ ಬೆಂಚಿನ ಮೇಲೆ ಎಂಬತ್ತರ ಹೆಂಗಸೊಬ್ಬಳು ನನ್ನ ಕೈಯ ಪೊಟ್ಟಣದಿಂದ ಇಣುಕಿದ ನೀಲಿಯನ್ನು ನೋಡಿದಳು. ಕೇಳಲೂ ಇಲ್ಲ, ಕೈ ಚಾಚಿದಳು. ನಾನು ಕೊಟ್ಟೆ. ಅವಳು ಮಗುಚಿದಳು.

“ನಮ್ಮಮ್ಮ ಇಲ್ಲೇ ಅಂಟಿಸುವ ಕೆಲಸದಲ್ಲಿದ್ದದ್ದು. ವೆಡ್ಜ್‌ವುಡ್‌ನಲ್ಲಿ ಎಂದರೆ ಜನ ಹುಬ್ಬೇರಿಸುತ್ತಿದ್ದರು. ಇನ್ನೊಂದು ವೆಡ್ಜ್‌ವುಡ್ ಎಂದ ಮೇಲೆ ಹುಬ್ಬು ಇಳಿಸುತ್ತಿದ್ದರು.” ಆ ‘ಇನ್ನೊಂದ’ನ್ನು 1980ರಲ್ಲಿ ‘ನಿಜವಾದದ್ದು’ ಕೊಂಡುಕೊಂಡಿತು. ಆಗ ಅಮ್ಮ ಬದುಕಿದ್ದಳೇ ಎಂದು ಕೇಳಿದೆ. ಬದುಕಿದ್ದಳಂತೆ. ಏನೆಂದಳು? “ಕೊನೆಗೂ ಬಂದರಲ್ಲ ಎಂದಳು.”

ಅವಳ ಬಸ್ ಬಂತು. ನನ್ನದಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಊರಿನಲ್ಲಿ ಸಂಜೆ ಐದು ದಾಟಿರಬೇಕೆಂದು ಲೆಕ್ಕ ಹಾಕಿ ಅತ್ತೆಗೆ ಫೋನ್ ಮಾಡಿದೆ. ಎಂಬತ್ತನಾಲ್ಕು ವಯಸ್ಸು, ಕಿವಿ ಮಾತ್ರ ಇನ್ನೂ ಚುರುಕು. ಟನ್‌ಸ್ಟಲ್, ಕೋ, ಕುಳಿ ಎಲ್ಲವನ್ನೂ ಹೇಳಿ, “ಅದಕ್ಕೆ ಕಪ್ಪೇ ಇರಲಿಲ್ಲವಂತೆ ಅತ್ತೆ. ಅದು ಬಸಿಯೇ ಅಲ್ಲವಂತೆ. ಇಷ್ಟು ವರ್ಷ ನಿಮ್ಮನ್ನು ಸುಮ್ಮನೆ ಅಂದೆವು, ತಪ್ಪಾಯಿತು” ಎಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಲೈನು ಹೋಯಿತೆಂದುಕೊಂಡೆ.

“ಕಪ್ ಇತ್ತು ಕಣೋ” ಎಂದರು ಅತ್ತೆ. “ಅದರ ಮೇಲೆ ಕೋಳಿ ಇರಲಿಲ್ಲ, ಗುಲಾಬಿ ಇತ್ತು. ದೊರೆಸಾನಿ ಜೊತೆ ಸಿಗಲಿಲ್ಲವೆಂದು ಯಾವುದಕ್ಕೋ ಯಾವುದನ್ನೋ ಸೇರಿಸಿ ಕೊಟ್ಟದ್ದು. ಬಾವಿಕಟ್ಟೆಯ ಮೇಲೆ ಇಟ್ಟು ತೊಳೆಯುತ್ತಿದ್ದೆ, ಜಾರಿತು. ಚೂರುಗಳನ್ನೆಲ್ಲ ಬಚ್ಚಲ ಹಿಂದಿನ ಬಾಳೆಯ ಬುಡದಲ್ಲಿ ಹೂತಿದ್ದೇನೆ. ನಿಮ್ಮಪ್ಪನಿಗೆ ಹೇಳಿರಲಿಲ್ಲ, ನೀನೂ ಹೇಳಬೇಡ.”

ಅಪ್ಪ ತೀರಿಕೊಂಡು ಹದಿನೈದು ವರ್ಷವಾಯಿತು. ಹೇಳುವುದಿಲ್ಲ ಅತ್ತೆ ಎಂದೆ.